ಉಡಿಯಲ್ಲಿ ಮೂರು ಫ್ಯೂಜು

ಕೇಳಿರಿ ತಾಯಂದಿರೇ, ಅಣ್ಣಂದಿರೇ. ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯಲ್ಲಿ ಹೊಲಕ್ಕೆ ನೀರು ಹಾಯಿಸುವವರೆಲ್ಲ ಕೈಯಲ್ಲಿನ ಸಲಿಕೆಯನ್ನು ಬದಿಗಿಟ್ಟು ಒಂದು ಗಳಿಗೆ ಕುಳಿತುಕೊಳ್ಳಿರಿ. ಧುಪದಾಳದ ರಾಮವ್ವ ಪಟ್ಟ ಭಯದ ಕಥೆ ಇದು. ಆ ಭಯ ನಿಮ್ಮ ಎದೆಗೂ ತಟ್ಟಲಿ ಎಂದು ದೇವರಲ್ಲಿ ಬೇಡಿಕೊಂಡೇ ಹೇಳುತ್ತಿದ್ದೇನೆ.

ರಾಮವ್ವ ದಡ್ಡಿಯ ಕುರುಬರ ಮನೆಯ ಮಗಳು. ಕುರಿಗಳ ಹಿಂದೆ ನಡೆದು ಬೆಳೆದವಳು, ತೋಳದ ಹೆಜ್ಜೆ ಕಂಡರೂ ಎದೆಗೆಡದವಳು. ಧುಪದಾಳಕ್ಕೆ ಸೊಸೆಯಾಗಿ ಬಂದು, ಹೊಳೆದಂಡೆಯ ಕಬ್ಬಿಗೆ ನೀರು ಹಾಯಿಸುವ ಕೆಲಸ ತನ್ನ ಪಾಲಿಗೆ ಬಂದಾಗ ಅವಳು ಅಂಜಿದ್ದು ಒಂದಕ್ಕೇ: ಕರೆಂಟಿಗೆ. ತೋಳಕ್ಕೆ ವಾಸನೆಯುಂಟು, ಸಪ್ಪಳವುಂಟು. ತಂತಿಯೊಳಗಿನದಕ್ಕೆ ಯಾವುದೂ ಇಲ್ಲ. ಪಂಪಿನ ಹಸಿರು ಗುಂಡಿ ಒತ್ತುವ ಮೊದಲು ಸೆರಗಿಗೆ ಬೆರಳು ಒರೆಸಿಕೊಂಡು ದೇವರ ಹೆಸರು ಹೇಳುವುದು ಅವಳ ರೂಢಿಯಾಗಿತ್ತು.

ಆ ಭಾಗದ ಲೈನ್‌ಮ್ಯಾನ್ ಉದ್ದಪ್ಪ ಮೂಡಲಗಿ ಕಡೆಯ ಹುಡುಗಾಟದ ಮನುಷ್ಯ. ಒಂದು ದಿನ ಅವಳ ಕಟ್ಟೆಯ ಮೇಲೆ ರೊಟ್ಟಿ ತಿನ್ನುತ್ತ ಕುಳಿತಿದ್ದಾಗ ರಾಮವ್ವ ಕೇಳಿದಳು, "ಮನಿ ದೀಪಕ್ಕ ಒಂದ ಫೇಜ್ ಸಾಲತೈತಿ. ಮೋಟರಿಗಿ ಮೂರು ಯಾಕ ಬೇಕೋ ತಮ್ಮಾ?"

"ಒಂದ ಒರಳಾಗ ಮೂವರು ಒನಕಿ ಹಾಕೂದು ನೋಡಿಯೇನಕ್ಕಾ?"

"ನೋಡೂದೇನು, ಹಾಕೇನಿ. ಒಬ್ಬಾಕಿದು ಏರೂದ್ರಾಗ ಇನ್ನೊಬ್ಬಾಕಿದು ಬೀಳತಿತ್ತು."

"ಹಂಗ ಇದೂ. ಮೂರಕ್ಕೂ ಜೋರು ಅಷ್ಟ, ಆದ್ರ ಒಂದರ ಹಿಂದ ಒಂದು. ಅದಕ್ಕ ಮೋಟರ್ ದಮ್ಮು ಬಿಡದ ತಿರಗತೈತಿ. ಒಂದು ಹೋದ್ರ ನಿಂತ ಮೋಟರ್ ಏಳಂಗಿಲ್ಲ, ಗುಂಯ್ ಅಂತೈತಿ. ನೀವೆಲ್ಲ ಶಾಣ್ಯಾರು, ಕಂಡೆನ್ಸರ್ ಡಬ್ಬಿ ಹಚ್ಚಿ ಎರಡರ ಮ್ಯಾಲೇ ಎಬ್ಬಸ್ತೀರಿ." ಅವನು ರೊಟ್ಟಿ ಮುರಿದ. "ಆದ್ರ ಕೈ ಬಿಟ್ಟ ಒನಕಿ ಒರಳಾಗ ಸುಮ್ಮನ ನಿಂದರತೈತೇನು? ಉಳಿದೆರಡರ ಪೆಟ್ಟಿಗಿ ಅದೂ ಕುಣೀತೈತಿ. ತಂತೀನೂ ಹಂಗ."

ರಾಮವ್ವ ನಕ್ಕು ಇನ್ನೊಂದು ರೊಟ್ಟಿ ಹಾಕಿದಳು. ಮಾತು ಅಲ್ಲಿಗೇ ಮುಗಿಯಿತು.

ಕೆಲವು ದಿನಗಳಲ್ಲಿ ಬಿರುಗಾಳಿಗೆ ಕಂಬದ ಮೇಲಿನ ಒಂದು ತಂತಿಯ ಗಂಟು ಸಡಿಲಿತು. ಮಧ್ಯಾಹ್ನ ಉದ್ದಪ್ಪ ಬಂದು, ಟ್ರಾನ್ಸ್‌ಫಾರ್ಮರ್ ಕೆಳಗಿನ ಪೆಟ್ಟಿಗೆಯಲ್ಲಿ ಮೂರೂ ಫ್ಯೂಜು ಕೀಳಲು ಕೈಹಾಕಿದ. ಬಾಜೂ ಹೊಲದ ಮಾಲಿಂಗ ಅಡ್ಡ ಬಂದ.

"ಮೂರೂ ಕಿತ್ರ ನಮ್ಮ ಕಬ್ಬಿಗಿ ನಿನ್ನ ಬಾಟ್ಲಿ ನೀರು ಹಾಕಾಂವೇನು? ಕೆಟ್ಟದ್ದು ಒಂದ, ಒಂದ ಕೀಳು."

ಉದ್ದಪ್ಪ ಸೋತ. ಒಂದನ್ನೇ ಕಿತ್ತ. "ಹತ್ತ ನಿಮಿಷ ಯಾರೂ ಮೋಟರ್ ಚಾಲೂ ಮಾಡಬ್ಯಾಡ್ರಿ," ಎಂದು ಹೇಳಿ ಕಂಬ ಏರಿ, ಟೆಸ್ಟರ್ ಹಚ್ಚಿ ತಂತಿ ಸತ್ತಿದ್ದನ್ನು ನೋಡಿಕೊಂಡು, ನಡುವಿಗೆ ಬೆಲ್ಟು ಬಿಗಿದು ಕೆಲಸಕ್ಕೆ ತೊಡಗಿದ.

ಪಂಪಿನ ಮನೆಯಲ್ಲಿ ರಾಮವ್ವ ಕಾದಳು. ಗಡಿಯಾರವಿಲ್ಲದವಳಿಗೆ ಹತ್ತು ನಿಮಿಷ ಎಷ್ಟುದ್ದ? ಕಬ್ಬಿನ ಸುಳಿ ಬಾಡುತ್ತಿತ್ತು, ಕರೆಂಟು ಹೋಗುವ ಹೊತ್ತು ಹತ್ತಿರವಾಗುತ್ತಿತ್ತು. ತನ್ನ ಮೋಟರಿಗೆ ಎರಡು ತಂತಿ ಸಾಕು, ಅವನು ಹಿಡಿಯುವುದು ಮೂರನೆಯದು, ಅವನ ಪಾಲಿನದನ್ನು ತಾನೇನು ಮುಟ್ಟಿದಂತಾಯಿತು ಎಂದು ಅವಳ ಮನಸ್ಸು ಲೆಕ್ಕ ಹಾಕಿತು. ಬೆರಳು ಒರೆಸಿಕೊಂಡಳು, ದೇವರ ಹೆಸರು ಹೇಳಿದಳು, ಹಸಿರು ಗುಂಡಿ ಒತ್ತಿದಳು. ದೇವರ ಹೆಸರು ಬಾಯಲ್ಲಿದ್ದಾಗಲೇ ನಮ್ಮ ಕೈ ಎಂಥ ಕೆಲಸಕ್ಕೆ ಚಾಚುತ್ತದೆ ನೋಡಿರಿ.

ಹೊಲದ ತುದಿಗೆ ಹೋಗಿ ಒಡ್ಡು ಕಡಿದು, ಸಲಿಕೆಯನ್ನು ಕಾಲುವೆಯ ಕೆಸರಿಗೆ ನೆಟ್ಟಳು. ನೀರು ಬಂತು. ಯಾರೂ ಹಿಡಿಯದ ಸಲಿಕೆಯ ಹಿಡಿಕೆ ನೀರಿನ ರಭಸಕ್ಕೆ ತಟತಟ ನಡುಗಹತ್ತಿತು.

ಕೈ ಬಿಟ್ಟ ಒನಕೆ.

ತನ್ನ ಮೋಟರ್ ಎರಡು ತಂತಿಯ ಕರೆಂಟನ್ನು ಸತ್ತ ಮೂರನೆಯದಕ್ಕೂ ದಾಟಿಸುತ್ತಿದೆ ಎಂದು ರಾಮವ್ವನಿಗೆ ಹೊಳೆಯಿತು. ತಲೆಯೆತ್ತಿದಳು. ಕಬ್ಬಿನ ಗರಿಗಳಾಚೆ ಕಂಬದ ತುದಿಯಲ್ಲಿ ಉದ್ದಪ್ಪನ ನೀಲಿ ಅಂಗಿ ಇನ್ನೂ ಇತ್ತು. ಕೂಗಲು ಬಾಯಿ ತೆರೆದಳು. ಕೂಗಿದ್ದರೂ ಆ ಗಾಳಿಗೆ ಅವನಿಗೆ ಕೇಳಿಸುತ್ತಿರಲಿಲ್ಲ. ಪಂಪಿನ ಮನೆಗೆ ಇನ್ನೂರು ಹೆಜ್ಜೆ. ಓಡಿದಳು. ಕೆಸರಿನಲ್ಲಿ ಬಿದ್ದಳು, ಎದ್ದಳು, ಕಬ್ಬಿನ ಗರಿ ಮುಖ ಸೀಳಿದ್ದು ತಿಳಿಯಲಿಲ್ಲ. ಒಂದೊಂದು ಹೆಜ್ಜೆಗೂ ಅವನ ಕೈ ತಂತಿಯ ಕಡೆಗೆ ಒಂದು ಬೆರಳಿನಷ್ಟು ಹೋಗುತ್ತಿರುವಂತೆ ಕಾಣುತ್ತಿತ್ತು. ಪ್ರಾರ್ಥನೆ ಬಾಯಿಗೆ ಬರಲಿಲ್ಲ. ಹಸಿ ಕೈಯಿಂದಲೇ ಕೆಂಪು ಗುಂಡಿ ಒತ್ತಿದಳು. ಮೋಟರ್ ನರಳುತ್ತ ನಿಂತಿತು.

ಆ ನಿಶ್ಶಬ್ದ ಓಟಕ್ಕಿಂತ ಘೋರವಾಗಿತ್ತು. ಕಂಬದ ಬುಡಕ್ಕೆ ನಡೆದಳು, ಮೇಲೆ ನೋಡುವ ಧೈರ್ಯ ಸಾಲಲಿಲ್ಲ. ನೆಲದ ಮೇಲೆ ಇಕ್ಕಳ ಬಿದ್ದಿತ್ತು. ಅದನ್ನೇ ನೋಡುತ್ತ ನಿಂತಳು.

"ಅಕ್ಕಾ," ಎಂದಿತು ಮೇಲಿನ ದನಿ, ಬಹಳ ಸಣ್ಣಗೆ. "ಮೋಟರ್ ಚಾಲೂ ಮಾಡಿದ್ದೇನು?"

"ಹೂಂ. ನಾನ ಮಾಡಿದ್ನಿ."

ತಂತಿ ಹಿಡಿಯುವ ಮೊದಲು ಅಂಗೈ ತಿರುವಿ ಹಿಂಗೈ ತಾಗಿಸುವುದು ಉದ್ದಪ್ಪನ ಗುರು ಕಲಿಸಿದ ರೂಢಿ. ಹಿಂಗೈಗೆ ಹೊಡೆದ ಪೆಟ್ಟು ಕೈಯನ್ನು ತಂತಿಯಿಂದ ದೂರ ಎಸೆದಿತ್ತು. ಅಂಗೈಯಾಗಿದ್ದರೆ ಬೆರಳು ಬಿಗಿದುಕೊಂಡು ಬಿಡುತ್ತಲೇ ಇರಲಿಲ್ಲ. ಬೆಲ್ಟಿಗೆ ಜೋತುಬಿದ್ದು ಉಸಿರು ತಂದುಕೊಂಡು ಅವನು ಇಳಿದ. ಇಬ್ಬರೂ ಬುಡದಲ್ಲಿ ಕುಳಿತರು. ರಾಮವ್ವ ತಂಬಿಗೆಯ ನೀರು ಕೊಟ್ಟಳು.

"ಒನಕಿ ಮಾತು ಹೇಳಿದಾಂವ ನಾನ," ಎಂದ ಉದ್ದಪ್ಪ. "ಮೂರೂ ಕೀಳಲಿಲ್ಲ. ನಿನಗೇನಂತ ಬೈಲಿ?"

ಆ ಭಯ ರಾಮವ್ವನನ್ನು ಇಂದಿಗೂ ಬಿಟ್ಟಿಲ್ಲ. ಉದ್ದಪ್ಪ ಕಂಬ ಏರುವ ದಿನ ಅವಳು ಹೊಲಹೊಲ ತಿರುಗಿ ಮೋಟರುಗಳನ್ನು ಬಂದ್ ಮಾಡಿಸುತ್ತಾಳೆ. ಅವನು ಕಿತ್ತು ಕೊಟ್ಟ ಮೂರು ಫ್ಯೂಜುಗಳನ್ನು ಉಡಿಯಲ್ಲಿ ಕಟ್ಟಿಕೊಂಡು ಬುಡದಲ್ಲಿ ಕುಳಿತುಕೊಳ್ಳುತ್ತಾಳೆ.

"ಏನ್ ರಾಮವ್ವಕ್ಕಾ, ಮೂರೂ ಕೂಸು ಮಲಗ್ಯಾವೇನು?" ಎಂದು ಮಾಲಿಂಗ ಚಾಷ್ಟಿ ಮಾಡುತ್ತಾನೆ.

"ಮಲಗ್ಯಾವ. ಮ್ಯಾಲಿನಾಂವ ಇಳಿಯೂತನಾ ನೀ ಎಬ್ಬಸಬ್ಯಾಡ."

ಬಂಧುಗಳೇ, ದೇವರು ಊದಿದ ಉಸಿರನ್ನು ನಮ್ಮ ಹತ್ತು ನಿಮಿಷದ ಅವಸರ ಆರಿಸದಿರಲಿ. ನಾಳೆ ನಿಮ್ಮ ಹೊಲದ ಕಂಬವನ್ನು ಒಬ್ಬ ಏರಿದಾಗ ನಿಮ್ಮ ಗುಂಡಿಯ ಮೇಲಿನ ಕೈ ತೆಗೆಯಿರಿ, ಮೂರೂ ಕಿತ್ತನೇ ಎಂದು ಕೇಳಿರಿ, ಅವನ ಕಾಲು ನೆಲ ಮುಟ್ಟುವವರೆಗೆ ರಾಮವ್ವನಂತೆ ನೀವೂ ಬುಡದಲ್ಲಿ ಕುಳಿತುಕೊಳ್ಳಿರಿ.