ನಿಂತು ತೆಗೆಸಿದ ಎಕ್ಸ್-ರೇ

ನನ್ನ ಅತ್ತೆ ಮೆಟ್ಟಿಲು ಇಳಿಯುತ್ತಿದ್ದದ್ದು ಕೂತುಕೊಂಡು. ಮೊದಲು ಎರಡೂ ಪಾದ ಕೆಳಗಿನ ಮೆಟ್ಟಿಲಿಗೆ, ಆಮೇಲೆ ಅಂಗೈ ಊರಿ ಮೈ. ಹಸಿರು ಬಳೆಗಳು ಪ್ರತಿ ಕಲ್ಲಿಗೂ ತಾಗಿ ಸದ್ದು ಮಾಡುತ್ತಿದ್ದವು. ಎದ್ದು ನಿಂತರೆ ಮೊಣಕಾಲುಗಳು ಹೊರಕ್ಕೆ ಬಾಗಿ, ನಡುವೆ ಒಂದು ತಂಬಿಗೆ ತೂರಿಸಬಹುದಿತ್ತು.

ಬ್ಯಾಡಗಿಯಲ್ಲಿ ನಮ್ಮದು ಮೆಣಸಿನಕಾಯಿ ವ್ಯಾಪಾರದ ಮನೆ. ಮೊಬೈಲು ಇನ್ನೂ ಮಾವನವರ ಜೇಬಿಗೆ ಮಾತ್ರ ಬಂದಿದ್ದ ಕಾಲ ಅದು. ಕೆಳಗೆಲ್ಲ ಚೀಲ, ಮೇಲೆ ನಾವು. ಮಾವ ಚೀಲದ ತಳದವರೆಗೆ ತೋಳು ಇಳಿಸಿ, ಕಾಯಿ ತೆಗೆದು ಮುರಿದು ನೋಡದ ಹೊರತು ಮಾಲಿನ ದರ್ಜೆ ಹೇಳುತ್ತಿರಲಿಲ್ಲ.

ಅತ್ತೆಯ ಬೇಡಿಕೆ ಒಂದೇ: ಕೆಳಗೆ, ಬಾಗಿಲ ಪಕ್ಕದ ಖೋಲಿ ಖಾಲಿ ಮಾಡಿಕೊಡಬೇಕು. ಅಲ್ಲಿದ್ದರೆ ಕಟ್ಟೆಗೆ ಬಂದು ಓಣಿಯವರೊಡನೆ ಮಾತಾಡಬಹುದು. ಮಾವ ಒಪ್ಪಲಿಲ್ಲ. ಕಾರಣ, ಹಾವೇರಿಯಲ್ಲಿ ತೆಗೆಸಿದ್ದ ಎಕ್ಸ್-ರೇ. ಕೀಲಿನ ಸವೆತಕ್ಕೆ ಸೊನ್ನೆಯಿಂದ ನಾಲ್ಕರ ತನಕ ದರ್ಜೆ. ನಾಲ್ಕೆಂದರೆ ಪೂರ್ತಿ ಸವೆದದ್ದು. ಅತ್ತೆಗೆ ಸಿಕ್ಕಿದ್ದು ಎರಡು.

"ಎರಡನೇ ದರ್ಜೆಗೆ ಇಷ್ಟ್ಯಾಕ ನರಳ್ತಿ? ಹತ್ತಿ ಇಳಿದು ಮಾಡು, ಸರಿ ಹೋಗ್ತದ" ಎಂದರು ಮಾವ.

ಆ ಸುಗ್ಗಿಯಲ್ಲಿ ಅತ್ತೆ ಕೆಳಗೆ ಇಳಿಯಲೇ ಇಲ್ಲ. ಮೆಣಸಿನಕಾಯಿಯ ಘಾಟು ಮೇಲೇರಿ ಬರುತ್ತಿತ್ತು. ಅವರು ಕಿಟಕಿಯ ಸರಳು ಹಿಡಿದು, ಸೀನುತ್ತ ಓಣಿ ನೋಡುತ್ತಿದ್ದರು. ಎದುರು ಮನೆಯ ಹುಡುಗಿ ಮದುವೆಯಾಗಿ ಹೊರಟಾಗ ಅಕ್ಕಿಕಾಳನ್ನು ಅಲ್ಲಿಂದಲೇ ಎಸೆದರು. "ಪಂಜರದ ಗಿಣಿಗೆ ಹಣ್ಣರ ಕೊಡ್ತಾರ, ತಂಗಿ. ನನಗ ಬರೇ ಘಾಟು" ಎಂದು ನಕ್ಕರು. ನನಗೆ ನಗು ಬರಲಿಲ್ಲ. ಮಾವನ ಮೇಲೆ ಕೆಂಡದಂಥ ಸಿಟ್ಟಿತ್ತು, ಆದರೆ ಹೊಸ ಸೊಸೆಯ ಮಾತು ಕೇಳುವವರು ಯಾರು?

ನನ್ನ ತವರು ರಾಣೇಬೆನ್ನೂರು. ಅಮ್ಮನನ್ನು ನೋಡಿ ಬರುವ ನೆಪ ಹೇಳಿ ಅತ್ತೆಯನ್ನೂ ಕರೆದುಕೊಂಡು ಹೋದೆ. ಅಲ್ಲಿನ ಎಲುಬಿನ ಡಾಕ್ಟರು ಹಳೆಯ ಫಿಲ್ಮನ್ನು ದೀಪದ ಪೆಟ್ಟಿಗೆಗೆ ಸಿಕ್ಕಿಸಿದರು. ಅತ್ತೆಯ ಕಾಲು ನೋಡಿದರು, ಮತ್ತೆ ಫಿಲ್ಮ್ ನೋಡಿದರು.

"ಅಮ್ಮಾರ, ಇದನ್ನ ಮಲಗಿ ತಗಸೀರೇನು?"

ಅತ್ತೆ ಸೆರಗು ಎಳೆದುಕೊಂಡರು. "ಹೂಂರಿ. ನಿಂದ್ರು ಅಂದ್ರು. ಪರಗಂಡಸರ ಮುಂದ ಸೀರಿ ಎತ್ತಿ ಹೆಂಗ ನಿಂದ್ರೂದ್ರಿ? ನಿಂದ್ರಾಕ ಆಗೂದಿಲ್ಲ ಅಂತ ಹೇಳಿ, ಚಾದರ ಹೊಚ್ಕೊಂಡು ಮಲಗಿದೆ."

"ಸೀರಿ ಯಾಕ ಎತ್ತಬೇಕ್ರಿ? ನೂಲಿನ ಸೀರಿ ಈ ಮಷೀನಿಗೆ ಕಾಣೂದಽ ಇಲ್ಲ."

ಮಲಗಿದರೆ ಕೀಲಿನ ಸಂದು ಅಗಲವಾಗಿ, ಸವೆತ ಕಮ್ಮಿಯಾಗಿ ಕಾಣುತ್ತದೆ, ಮೈಭಾರ ಬಿದ್ದಾಗಲೇ ಅದರ ನಿಜ ತಿಳಿಯುತ್ತದೆ ಎಂದು ಡಾಕ್ಟರು ವಿವರಿಸಿದರು. ಅತ್ತೆ ನಿರಿಗೆ ನೆಲಕ್ಕೆ ತಾಗುವಂತೆ ಬಿಟ್ಟುಕೊಂಡು, ಹಲ್ಲು ಕಚ್ಚಿ ನಿಂತರು. ಹೊಸ ಫಿಲ್ಮಿನಲ್ಲಿ ಒಳಬದಿಯ ಸಂದು ಇರಲೇ ಇಲ್ಲ. ಎಲುಬಿನ ಮೇಲೆ ಎಲುಬು ಕೂತಿತ್ತು. ನಾಲ್ಕನೇ ದರ್ಜೆ. ಆಪರೇಷನ್ನನ್ನು ಅವರ ದುರ್ಬಲ ಹೃದಯ ತಡೆಯದು ಎಂದೂ ಡಾಕ್ಟರು ಹೇಳಿದರು.

ಮನೆಗೆ ಬಂದ ಅತ್ತೆ ಮೆಟ್ಟಿಲ ಬುಡದಲ್ಲೇ ಕೂತುಬಿಟ್ಟರು. ಮಾವ ಫಿಲ್ಮನ್ನು ಬಾಗಿಲ ಬೆಳಕಿಗೆ ಹಿಡಿದರು.

"ಮೆಣಸಿನಕಾಯಿ ಆದ್ರ ಚೀಲದ ತಳಾ ತನಕ ಕೈ ಹಾಕ್ತೀರಿ" ಎಂದರು ಅತ್ತೆ. "ನನ್ನ ಕಾಲಿಗೆ ಮ್ಯಾಲ ನೋಡಿದ್ದಽ ಸಾಕಾತು."

ಸಂಜೆಯೊಳಗೆ ಹಮಾಲರು ಆ ಖೋಲಿಯ ಚೀಲಗಳನ್ನು ಹೊರಗೆ ಹೊತ್ತರು.

ಅತ್ತೆ ಮತ್ತೆ ಮೇಲೆ ಹತ್ತಲಿಲ್ಲ. ಕಟ್ಟೆಯ ಮೇಲೆ ಕೂತು ಓಣಿಯನ್ನೆಲ್ಲ ಮಾತಾಡಿಸಿದರು, ನಾನು ಸಾರಿಗೆ ಉಪ್ಪು ಮರೆತರೆ ಅಲ್ಲಿಂದಲೇ ಕೂಗಿ ಬೈದರು. ಆ ಸುಖ ಅವರಿಗೆ ದಕ್ಕಿದ್ದು ಒಂದೇ ಸುಗ್ಗಿ. ಒಂದು ಬೆಳಗ್ಗೆ ಚಹಾ ಒಯ್ದಾಗ, ಆ ಖೋಲಿಯಲ್ಲೇ ಹೋಗಿಬಿಟ್ಟಿದ್ದರು.

ಈಗ ನನ್ನ ಮೊಣಕಾಲುಗಳೂ ನೋಯುತ್ತವೆ. ಮೊನ್ನೆ ಎಕ್ಸ್-ರೇ ತೆಗೆಯುವವರು ನನ್ನ ಮುಖ ನೋಡಿ, "ಭಾಳ ನೋವಿದ್ರ ಮಲಕೋರಿ, ಅಕ್ಕಾರ" ಎಂದರು.

"ಬ್ಯಾಡ್ರಿ, ನಿಂದ್ರತೇನಿ" ಎಂದೆ. "ಮಲಗಿದ್ರ ನಮ್ಮತ್ತಿ ಬೈತಾರ."