ಹಗ್ಗ ಕೊಯ್ದ ಅಂಬರೀಶ

ದೇವದುರ್ಗದ ಕಡೆ ಕೃಷ್ಣಾ ನದಿಯ ದಂಡೆಯ ಹಳ್ಳಿಗಳಲ್ಲಿ ಅಂಬರೀಶನನ್ನು ಎಲ್ಲರೂ ಕಪ್ತಾನ ಎಂದೇ ಕರೆಯುತ್ತಿದ್ದರು. ಅಪ್ಪನ ಹರಿಗೋಲಿನಲ್ಲಿ ಹುಟ್ಟು ಹಾಕುತ್ತ ಬೆಳೆದವನು, ಮುಂದೆ ನಡುಗಡ್ಡೆಗೆ ಹೋಗಿಬರುವ ಎಂಜಿನ್ ದೋಣಿ ನಡೆಸತೊಡಗಿದ. ದೋಣಿಯಲ್ಲಿ ಅವನಿಗೆ ಇದ್ದ ಜೊತೆಗಾರ ಒಬ್ಬನೇ, ಅಯ್ಯಪ್ಪ. ತಂಗಿ ದುರುಗಮ್ಮನ ಗಂಡ. ನೀರಿಗೆ ಅಂಜದ ಗಂಡು ಎಂದು ಮೆಚ್ಚಿ ಆ ಮದುವೆ ಮಾಡಿಸಿದವನೂ ಅಂಬರೀಶನೇ.

ಹೋದ ವರ್ಷದ ಹಿಂದಿನ ಮಳೆಗಾಲದಲ್ಲಿ ನದಿ ಉಕ್ಕಿ ಬಂತು. ನಡುಗಡ್ಡೆಯಲ್ಲಿ ಸಿಕ್ಕಿಕೊಂಡವರನ್ನು ಕರೆತರಲು ಇಬ್ಬರೂ ಹೊರಟರು. ಹೆಂಗಸರು, ಮಕ್ಕಳು, ಮುದುಕರು ಹತ್ತಿ ದೋಣಿ ತುಂಬಿತು. ನಡುಹೊಳೆಗೆ ಬಂದಾಗ ಎಂಜಿನ್ನಿನ ಫ್ಯಾನಿಗೆ ಹರಿದ ಮೀನುಬಲೆಯೊಂದು ಸುತ್ತಿಕೊಂಡಿತು. ಅಯ್ಯಪ್ಪ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಇನ್ನೊಂದು ತುದಿಯನ್ನು ದೋಣಿಗೆ ಬಿಗಿದು ನೀರಿಗಿಳಿದ. ಬಲೆ ಬಿಡಿಸಿದ. ಇನ್ನೇನು ಮೇಲೆ ಹತ್ತಬೇಕು, ಬೇರುಸಹಿತ ತೇಲಿಬಂದ ಜಾಲಿಮರವೊಂದು ಅವನನ್ನು ದೂರಕ್ಕೆ ತಳ್ಳಿ ಹಗ್ಗಕ್ಕೆ ತೊಡರಿಕೊಂಡಿತು. ಮರದ ಭಾರಕ್ಕೆ ದೋಣಿ ಒಂದು ಕಡೆ ವಾಲಿತು. ಅಂಬರೀಶ ಹಗ್ಗ ಹಿಡಿದು ಜಗ್ಗಿದ. ದೋಣಿಯ ಅಂಚು ಮುಳುಗಿ ನೀರು ಒಳಗೆ ನುಗ್ಗಿತು. ಮಕ್ಕಳು ಚೀರಿದವು. ಅವನು ಸೊಂಟದ ಕುಡುಗೋಲು ತೆಗೆದು ಹಗ್ಗ ಕೊಯ್ದುಬಿಟ್ಟ.

ದೋಣಿ ದಂಡೆಗೆ ಮುಟ್ಟಿದಾಗ ಜನ ಚಪ್ಪಾಳೆ ತಟ್ಟಿದರು. ಯಾರೋ ಅವನ ಹೆಗಲಿಗೆ ಹೊಸ ಟವೆಲ್ಲು ಹೊದಿಸಿದರು. ಗುಂಪನ್ನು ಸೀಳಿಕೊಂಡು ದುರುಗಮ್ಮ ಬಂದಳು.

"ಯಣ್ಣಾ, ಅಂವ ಎಲ್ಲಿ?"

"ನಾ ಹಗ್ಗ ಕೊಯ್ದೆ ಯವ್ವಾ."

ಚಪ್ಪಾಳೆ ಅಲ್ಲಿಗೇ ನಿಂತಿತು. ಆಮೇಲೆ ಅವನ ಬಾಯಿಂದ ಮಾತೇ ಹೊರಡಲಿಲ್ಲ. ಅಯ್ಯಪ್ಪನ ಹೆಣ ಕೆಳಗಿನ ಹಳ್ಳಿಯೊಂದರ ಹತ್ತಿರ ಸಿಕ್ಕಾಗಲೂ, ಮಣ್ಣು ಮಾಡುವಾಗಲೂ ಅವನು ಕಲ್ಲಿನಂತೆ ನಿಂತಿದ್ದ.

ಪೊಲೀಸರಿಗೆ ದೂರು ಕೊಟ್ಟವಳು ದುರುಗಮ್ಮ. ಒಡಹುಟ್ಟಿದ ಅಣ್ಣನ ಮೇಲೆ! ಊರಿಗೆ ಊರೇ ದಂಗಾಯಿತು. ಬುದ್ಧಿ ಹೇಳಲು ಬಂದ ಹಿರಿಯರಿಗೆ ಆಕೆ ಹೇಳಿದ್ದು ಇಷ್ಟೇ: "ನನ್ನ ಗಂಡ ಕಡೀಕ ಏನಂದ, ಏನ್ ಮಾಡಿದ, ಯಾರೂ ನನಗ ಹೇಳವಲ್ರು. ಅಣ್ಣ ಬಾಯಿ ಬಿಡವಲ್ಲ. ಕೋರ್ಟಿನ್ಯಾಗರ ಹೇಳ್ಲಿ."

ಜಾಮೀನಿನ ಮೇಲೆ ಬಂದ ಅಂಬರೀಶ ಮತ್ತೆ ದೋಣಿ ಮುಟ್ಟಲಿಲ್ಲ. ಮಾನ್ವಿಯ ಅಕ್ಕಿ ಗಿರಣಿಯೊಂದರಲ್ಲಿ ಚೀಲ ಹೊಲಿಯುವ ಕೆಲಸಕ್ಕೆ ಸೇರಿದ. ರಾಯಚೂರಿನ ವಕೀಲ ವಿಬುಧೇಂದ್ರಾಚಾರ್ಯರು ಕೇಸು ಹಿಡಿದರು. "ಅಯ್ಯಪ್ಪ ಏನರೆ ಅಂದ್ನೇನಪಾ?" ಎಂದು ಅವರು ಪ್ರತಿಸಲ ಕೇಳುವರು. ಅವನು ತಲೆ ತಗ್ಗಿಸಿ ಕೂಡುವನು.

ದೇವದುರ್ಗದ ಕೋರ್ಟಿನಲ್ಲಿ ಸಾಕ್ಷಿ ನುಡಿಯಲು ನೀಲಗಂಗಮ್ಮ ಬಂದಳು. ಅಂದು ಮೊಮ್ಮಗಳನ್ನು ಅವಚಿಕೊಂಡು ದೋಣಿಯಲ್ಲಿ ಕೂತಿದ್ದ ಮುದುಕಿ. ವಕೀಲರ ಪ್ರಶ್ನೆಗೆ ಆಕೆ ಗಟ್ಟಿ ದನಿಯಲ್ಲಿ ಹೇಳಿದಳು: "ಅಯ್ಯಪ್ಪನ ಅಂದ್ನಿರಿ. 'ಕಪ್ತಾನ, ನನ್ನ ಬಿಡು, ಹಗ್ಗ ಕೊಯ್ಯಿ, ಮಂದೀನ ಉಳಸು' ಅಂದ. ನನ್ನ ಕಿವೀಲೆ ಕೇಳೀನಿ."

ಹಿಂದಿನ ಬೆಂಚಿನಲ್ಲಿ ದುರುಗಮ್ಮ ಸೆರಗು ಬಾಯಿಗೊತ್ತಿಕೊಂಡಳು. ಕಟಕಟೆಯಲ್ಲಿದ್ದ ಅಂಬರೀಶ ಕಂಬಿ ಹಿಡಿದು ಮುಂದೆ ಬಾಗಿದ.

"ಸುಳ್ಳರೀ!" ಎಂದು ಕೂಗಿದ. ಅಷ್ಟು ತಿಂಗಳಲ್ಲಿ ಆ ದಿನದ ಬಗ್ಗೆ ಅವನು ಆಡಿದ ಮೊದಲ ಮಾತು ಅದು.

ವಕೀಲರು ಗಾಬರಿಯಾಗಿ ಸುಮ್ಮನಿರುವಂತೆ ಕೈಸನ್ನೆ ಮಾಡಿದರು. ನ್ಯಾಯಾಧೀಶರು ವಕೀಲರನ್ನು ತಡೆದು, ಅಂಬರೀಶನಿಗೆ, "ನಿಮ್ಮ ಸರದಿ ಬಂದಾಗ ಹೇಳಿ" ಎಂದರು. ಸರದಿ ಬಂದಾಗ ಅವನು ನಿಲ್ಲಿಸದೆ ಹೇಳಿದ.

"ಈ ಮುದುಕಿ ಯವ್ವ ನನ್ನ ಉಳಸಾಕ ಹಂಗ ಹೇಳ್ಯಾಳ್ರಿ. ಅಂವ ಕೊಯ್ಯಿ ಅನ್ಲಿಲ್ಲ. 'ಜಗ್ಗೋ ಕಪ್ತಾನ, ಜಗ್ಗು' ಅಂದ. ನನ್ನ ಮಾರಿ ನೋಡಿಕೋತನ ಅಂದ. ನಾ ಜಗ್ಗಿದೆ, ದೋಣಿ ಮುಳಗಾಕತ್ತು. ಕುಡುಗೋಲು ತಗದಿದ್ದು ಅಂವ ನೋಡಿದ್ನಿರಿ."

ಅಷ್ಟು ಹೇಳಿ ಅವನು ಕಟಕಟೆಯಲ್ಲೇ ಕೂತುಬಿಟ್ಟ.

ತೀರ್ಪು ಬಂದಾಗ ಬಿಡುಗಡೆಯಾಯಿತು. ದೋಣಿಯಲ್ಲಿದ್ದ ಅಷ್ಟೂ ಜನರ ಜೀವ ಉಳಿಸಲು ಬೇರೆ ದಾರಿಯೇ ಇರಲಿಲ್ಲ ಎಂದರು ನ್ಯಾಯಾಧೀಶರು. ಹೊರಗೆ ಬೇವಿನ ಗಿಡದ ಕೆಳಗೆ ದುರುಗಮ್ಮ ನಿಂತಿದ್ದಳು. ಅಂಬರೀಶ ಎದುರು ಹೋಗಿ ನಿಂತ.

"ಆ ಮುದುಕಿ ಮಾತ ಖರೆ ಆಗಿದ್ರ," ಎಂದಳು ಆಕೆ, "ನನ್ನನ್ನ, ಮಕ್ಕಳನ್ನ ಬಿಟ್ಟು ಮಂದಿ ಸಲವಾಗಿ ಸಾಯಾಕ ಹೊಂಟ ಅಂತ ಆಗ್ತಿತ್ತು. ಅಂವಗ ಬದುಕಬೇಕಾಗಿತ್ತಲ್ಲ ಯಣ್ಣಾ? ಮನಿಗಿ ಬರಬೇಕಾಗಿತ್ತಲ್ಲ?"

"ಹೂಂ ಯವ್ವಾ. ಬರಬೇಕಾಗಿತ್ತು."

"ಅಷ್ಟ ಸಾಕು ನನಗ."

ಆಕೆ ಅಣ್ಣನನ್ನು ಕ್ಷಮಿಸಿದಳೆಂದು ಹೇಳಲಾಗದು. ಈಗ ಗಬ್ಬೂರಿನಲ್ಲಿ ಮಕ್ಕಳೊಂದಿಗೆ ಇದ್ದಾಳೆ. ಅಂಬರೀಶ ಮಾನ್ವಿಯಿಂದ ಆಗಾಗ ಹೋಗುತ್ತಾನೆ. ರೊಟ್ಟಿ, ಪಲ್ಯ ಬಡಿಸಿ ಆಕೆ ಒಳಗೆ ಹೋಗಿಬಿಡುತ್ತಾಳೆ. ಮಕ್ಕಳು ಮಾತ್ರ ಅವನ ಪಕ್ಕ ಕೂತು, ಅಪ್ಪ ಹೇಗೆ ಈಜುತ್ತಿದ್ದ ಎಂದು ಕೇಳುತ್ತವೆ. ಅವನು ಊಟ ಬಿಟ್ಟು ಹೇಳತೊಡಗುತ್ತಾನೆ. ಒಳಗೆ ಪಾತ್ರೆಯ ಸದ್ದು ನಿಲ್ಲುತ್ತದೆ.