ಖಾಲಿ ಕ್ಯಾಮೆರಾದ ಕಾಕಾ

ಮೊನ್ನೆ ಸೊಸೆ ಕಿಟಕಿಯ ಗಾಜು ಒರೆಸಲೆಂದು ವಿನೆಗರ್ ಬಾಟಲಿ ತೆರೆದಳು. ಆ ಹುಳಿ ಘಾಟು ಮೂಗಿಗೆ ಬಡಿದದ್ದೇ ತಡ, ಮುಂಬಯಿಯ ಮುಲುಂಡಿನ ಈ ಫ್ಲಾಟಿನಿಂದ ನಾನು ನೇರ ಪರೇಲಿನ ನಮ್ಮ ಹಳೆಯ ಚಾಳಿಗೆ, ಸಾಲು ಖೋಲಿಗಳ ಆ ವಠಾರಕ್ಕೆ ಹೋಗಿಬಿಟ್ಟೆ. ಪಕ್ಕದ ಖೋಲಿಯ ಕಾಕಾರ ಕೈಗಳಿಗೆ ಇದೇ ವಾಸನೆಯಿತ್ತು. ಫಿಲ್ಮ್ ತೊಳೆಯುವ ಮದ್ದಿನದು. ಎಷ್ಟು ಸಾಬೂನು ಹಚ್ಚಿದರೂ ಹೋಗುತ್ತಿರಲಿಲ್ಲವಂತೆ.

ಐವತ್ತರ ದಶಕದ ಮಾತು. ನಾನು ಬಿಜಾಪುರದಿಂದ ಹೊಸದಾಗಿ ಮದುವೆಯಾಗಿ ಬಂದಿದ್ದೆ. ಕಾಕಾ ಧಾರವಾಡದವರು, ಒಂಟಿ. ಥಿಯೇಟರಿನಲ್ಲಿ ಸಿನಿಮಾಕ್ಕೆ ಮೊದಲು ತೋರಿಸುತ್ತಿದ್ದ ಸಾಕ್ಷ್ಯಚಿತ್ರಗಳನ್ನು ತೆಗೆಯುವುದು ಅವರ ಕೆಲಸ. ಆ ವರ್ಷ ಮುಂಬಯಿಯ ಓಣಿಗಳ ಚಿತ್ರ ಅವರ ಪಾಲಿಗೆ ಬಂದಿತ್ತು. ಯಾವ ಓಣಿಯಲ್ಲಿ ಯಾರಿದ್ದಾರೆ, ಎಲ್ಲಿಂದ ಬಂದರು, ಏಕೆ ಬಂದರು... ಮನುಷ್ಯನಿಗೆ ಅಷ್ಟೊಂದು ಕುತೂಹಲ ಇರಬಹುದೆಂದು ನನಗೆ ಗೊತ್ತೇ ಇರಲಿಲ್ಲ. ಪಾರ್ಸಿಗಳ ಹೊಸ್ತಿಲ ರಂಗೋಲಿ ನಮ್ಮದರಂತೆಯೇ ಏಕಿದೆ, ಮಾಟುಂಗಾದ ಹೂವಿನಾಕೆ ಎಷ್ಟು ಭಾಷೆಗಳಲ್ಲಿ ಚೌಕಾಸಿ ಮಾಡುತ್ತಾಳೆ, ಮೀನುಗಾರರ ವಾಡಿಯಲ್ಲಿ ಬಲೆ ಹೆಣೆಯುವವರು ಯಾರು — ಅವರು ಊರೆಲ್ಲ ಕೇಳಿಕೊಂಡು ಬರುತ್ತಿದ್ದರು, ನಾನು ಬಾಗಿಲಲ್ಲಿ ಅಕ್ಕಿ ಆರಿಸುತ್ತ ಅವರನ್ನು ಕೇಳುತ್ತಿದ್ದೆ.

ಕನ್ನಡದವರ ಚಾಳೂ ಚಿತ್ರದಲ್ಲಿರಬೇಕೆಂದು ಕಾಕಾ ತಮ್ಮ ಆಫೀಸಿನ ಸಾಹೇಬರ ಹತ್ತಿರ ಜಗಳವಾಡಿ ಒಪ್ಪಿಗೆ ತಂದರು. ಸರಿ, ಮೊದಲ ದಿನ ನಮ್ಮ ಚಾಳು ಮದುವೆಮನೆಯಾಯಿತು. ಖೋಲಿಗಳ ಮುಂದಿನ ಗ್ಯಾಲರಿಯ ಹಗ್ಗದ ಮೇಲಿನ ಬಟ್ಟೆಗಳು ಮಾಯ. ನಮ್ಮ ಅತ್ತೆ ಇಳಕಲ್ ಸೀರೆ ಉಟ್ಟು ಬಾಯಿ ಬಿಗಿದು ಕುಳಿತರು. ಕಾಕಾ ಏನೂ ಅನ್ನದೆ ಕ್ಯಾಮೆರಾ ತಿರುಗಿಸಿದರು. ಮರುದಿನವೂ ಬಂದರು, ಅದರ ಮರುದಿನವೂ. ವಾರ ಕಳೆಯುವಷ್ಟರಲ್ಲಿ ಎಲ್ಲರಿಗೂ ಸಾಕಾಗಿ, ಈ ಮನುಷ್ಯನಿಗೆ ಬೇರೆ ಕೆಲಸವಿಲ್ಲವೆಂದು ಆಡಿಕೊಂಡು ತಂತಮ್ಮ ಪಾಡಿಗೆ ಇದ್ದುಬಿಟ್ಟರು. ಅಂಥ ಒಂದು ದಿನ ಅತ್ತೆ ತೇಪೆ ಹಚ್ಚಿದ ಸೀರೆಯಲ್ಲಿ ಗ್ಯಾಲರಿಯಲ್ಲೇ ಕುಳಿತು ರೊಟ್ಟಿ ಬಡಿಯುತ್ತ, ಎದುರು ಖೋಲಿಯವಳನ್ನು ಕಿಚಾಯಿಸಿ, ಇದ್ದ ನಾಲ್ಕು ಹಲ್ಲು ತೋರಿಸಿ ನಗುತ್ತಿದ್ದರು.

ಅಂದು ಸಂಜೆ ಕಾಕಾ ಗುಟ್ಟು ಬಿಟ್ಟರು. ಇಷ್ಟು ದಿನ ಕ್ಯಾಮೆರಾದಲ್ಲಿ ಫಿಲ್ಮೇ ಇರಲಿಲ್ಲವಂತೆ! ಜನ ಕ್ಯಾಮೆರಾ ಮರೆತು ತಮ್ಮಂತೆ ತಾವಿರುವವರೆಗೆ ಎಲ್ಲ ಓಣಿಗಳಲ್ಲೂ ಅವರು ಮಾಡುತ್ತಿದ್ದದ್ದು ಹೀಗೆಯೇ. ಫಿಲ್ಮ್ ಹಾಕಿದ್ದು ಅಂದು ಮಾತ್ರ.

ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನು ಮಾತ್ರ ಅತ್ತೆಯ ಸೀರೆಯ ತೇಪೆ ನೋಡುತ್ತಿದ್ದೆ. ಇಂಥ ಚಿತ್ರಗಳು ಬಿಜಾಪುರದ ಥಿಯೇಟರಿಗೂ ಹೋಗುತ್ತಿದ್ದವು. ಹುಡುಗನದು ಮುಂಬಯಿಯಲ್ಲಿ ಮಾಳಿಗೆ ಮನೆ ಎಂದು ನನ್ನಪ್ಪ ಊರೆಲ್ಲ ಹೇಳಿಕೊಂಡಿದ್ದ. ಸುಳ್ಳೇನಲ್ಲ, ಆ ಮಾಳಿಗೆಯಲ್ಲಿ ಇನ್ನೂ ಇಪ್ಪತ್ತು ಸಂಸಾರಗಳಿದ್ದವು ಅಷ್ಟೆ. ಬೆಳಗಾದ ಮೇಲೆ ಯಾರಿಗೂ ಹೇಳದೆ ಕಾಕಾರ ಬಾಗಿಲಿಗೆ ಹೋದೆ.

"ಕಾಕಾರ, ನಮ್ಮ ಅತ್ತೀದು ಚಿತ್ರದಾಗಿಂದ ತಗದುಬಿಡ್ರಿ. ತವರಮನ್ಯಾಗ ನನ್ನ ಮಾನ ಹೋಗ್ತದ," ಎಂದೆ.

ಅವರು ಕ್ಯಾಮೆರಾ ಒರೆಸುತ್ತಿದ್ದ ಬಟ್ಟೆ ಕೆಳಗಿಟ್ಟರು. "ನಿಮ್ಮತ್ತಿ ನಕ್ಕಾಗ ಹೆಂಗ ಕಾಣ್ತಾರ, ನೀ ಎಂದಾರ ನೋಡೀಯೇನವಾ?" ಎಂದು ಕೇಳಿದರು. ತಗದುಬಿಡ್ರಿ ಎಂದು ಮತ್ತೊಮ್ಮೆ ಅಂದು ನಾನು ಮನೆಗೆ ಬಂದೆ.

ಚಿತ್ರ ಬಂದಾಗ ಇಡೀ ಚಾಳು ಮ್ಯಾಟಿನಿಗೆ ಹೋಯಿತು. ಮೀನುಗಾರರ ವಾಡಿ ಬಂತು, ಪಾರ್ಸಿ ಓಣಿ ಬಂತು, ಮಾಟುಂಗಾದ ಹೂವಿನಾಕೆಯೂ ಬಂದಳು. ನಮ್ಮ ಚಾಳು ಬರಲಿಲ್ಲ. ಅತ್ತೆಯನ್ನು ತೆಗೆದರೆ ಉಳಿಯುತ್ತಿದ್ದದ್ದು ಗೋಡೆ ಮಾತ್ರ ಎಂದು ಕಾಕಾ ಎಲ್ಲವನ್ನೂ ಬಿಟ್ಟಿದ್ದರು. ದೊಡ್ಡ ಪಿಕ್ಚರ್ ಶುರುವಾದ ಮೇಲೆ ಅತ್ತೆ ಹಿಂದಿನ ಸಾಲಿನಲ್ಲಿದ್ದ ಕಾಕಾರ ಕಡೆ ತಿರುಗಿ, "ನಮ್ಮದು ಯಾವಾಗ ಬರ್ತೈತೋ ತಮ್ಮಾ?" ಎಂದರು.

"ಫಿಲ್ಮ್ ಕೆಟ್ಟುಹೋತ್ರಿ ಅವ್ವಾರ. ನಂದ ತಪ್ಪು."

ಆಮೇಲೆ ತಿಂಗಳುಗಟ್ಟಲೆ ಚಾಳಿನವರು ಅವರನ್ನು ಖಾಲಿ ಕ್ಯಾಮೆರಾ ಎಂದು ಹಂಗಿಸಿದರು. ಕಾಕಾ ನನ್ನ ಕಡೆ ಒಮ್ಮೆಯೂ ಬೆರಳು ತೋರಿಸಲಿಲ್ಲ. ಅವರು ದಿಲ್ಲಿಗೆ ವರ್ಗವಾಗಿ ಹೊರಟ ದಿನವೂ ನಾನು ಚಾಳಿನವರ ಮುಂದೆ ನಿಜ ಹೇಳಲಿಲ್ಲ... ಅವರು ತೀರಿಕೊಂಡ ಸುದ್ದಿ ನಮಗೆ ತಲುಪಿದ್ದು ಎಷ್ಟೋ ತಡವಾಗಿ.

ಈಗ ಆ ಚಾಳೂ ಇಲ್ಲ. ಅತ್ತೆ ಹೋದಾಗ ಗೋಡೆಗೆ ಹಾಕಲು ಒಂದು ಫೋಟೋ ಹುಡುಕಿದೆವು, ಇರಲಿಲ್ಲ. ನಾವು ಬಾಯಿಮಾತಿನಲ್ಲಿ ಹೇಳಿದ್ದನ್ನು ಕೇಳಿ ಚಿತ್ರಕಾರನೊಬ್ಬ ಬರೆದುಕೊಟ್ಟ ಬಾಯಿ ಬಿಗಿದ ಮುಖವೇ ಇಂದಿಗೂ ಹಾಲ್‌ನಲ್ಲಿದೆ. ದಿನಾ ಅದಕ್ಕೆ ಹೂ ಏರಿಸುತ್ತೇನೆ. ಅದು ನಮ್ಮ ಅತ್ತೆಯಲ್ಲ.